ತಾಕೆ ಯುತಾಕಾ ಅವರ ಸವಾರಿಯ ಬದುಕು ಓದುವುದು ಹೇಗೆ

ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಒಂದು ಕುದುರೆಗೆ ಒಂದು ಪುಟ ಬಿಡಿ. ವರ್ಷದ ಲೆಕ್ಕ ಬೇಡ, ಗೆಲುವಿನ ಲೆಕ್ಕವಂತೂ ಬೇಡವೇ ಬೇಡ. ಜಪಾನಿನ ಈ ಜಾಕಿಯನ್ನು, ಅಂದರೆ ರೇಸ್ ಕುದುರೆಯ ಸವಾರರನ್ನು, ತಿಳಿಯಬೇಕು ಅಂದರೆ ಅವರು ಏರಿದ ಕುದುರೆಗಳ ಮೂಲಕವೇ ಹೋಗಬೇಕು.

ಯಾಕೆ ಅಂತ ಕೇಳಿ. ತಾಕೆ 1969ರಲ್ಲಿ ಕ್ಯೋಟೊದಲ್ಲಿ ಹುಟ್ಟಿದವರು. 1987ರ ಮಾರ್ಚಿನಲ್ಲಿ, ಹದಿನೆಂಟು ತುಂಬುವ ಹೊತ್ತಿಗೆ ರೇಸಿಗೆ ಇಳಿದರು. ಆ ವರ್ಷ 69 ರೇಸ್ ಗೆದ್ದರು. ಹೊಸ ಜಾಕಿ ಮೊದಲ ವರ್ಷವೇ ಅಷ್ಟು ಗೆದ್ದದ್ದು ಆಗ ಅಲ್ಲಿ ದಾಖಲೆ. ಇಪ್ಪತ್ತಮೂರು ವರ್ಷ ಆದಮೇಲೆ, 2010ರಲ್ಲೂ ಅವರು ಗೆದ್ದದ್ದು 69. ಆ ವರ್ಷ ಕುದುರೆಯಿಂದ ಬಿದ್ದು, ಎಲುಬು ಮುರಿದು, ನಾಲ್ಕು ತಿಂಗಳು ಸವಾರಿಯೇ ಇರಲಿಲ್ಲ. ಪಟ್ಟಿಯಲ್ಲಿ ನೋಡಿದರೆ ಎರಡೂ ಒಂದೇ ಅಂಕಿ. ಒಂದು ವರ್ಷ ಊರೆಲ್ಲಾ ಹಾಡಿ ಹೊಗಳಿತ್ತು, ಇನ್ನೊಂದು ವರ್ಷ ಇವರ ಕಥೆ ಮುಗೀತು ಅಂತ ಜನ ಮಾತಾಡುವಂತಾಗಿತ್ತು. ಬರೀ ಅಂಕಿ ಹಿಡಿದು ಹೋದವನಿಗೆ ಇದು ಯಾವುದೂ ಕಾಣುವುದಿಲ್ಲ.

ನಾನು ಭಾಲ್ಕಿ ತಾಲ್ಲೂಕಿನ ಒಂದು ದನದ ದವಾಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಪ್ಪ ಬೀದರಿನಲ್ಲಿ ಟಾಂಗಾ ಹೊಡೆಯುತ್ತಿದ್ದರು. ಹಾಗಾಗಿ ಕುದುರೆ ಅಂದರೆ ನನಗೆ ಮೊದಲಿಂದಲೂ ಜೀವ. ನಮ್ಮ ಸೀಮೆಗೆ ಕುದುರೆ ಹೊಸದೇನೂ ಅಲ್ಲ. ಖಾನಾಪುರದ ಮೈಲಾರ ಮಲ್ಲಣ್ಣನೇ ಕುದುರೆ ಏರಿದ ದೇವರು. 15ನೇ ಶತಮಾನದಲ್ಲಿ ರಷ್ಯಾದಿಂದ ಬೀದರಿಗೆ ಬಂದ ಅಫಾನಸಿ ನಿಕಿತಿನ್ ಮಾರುವುದಕ್ಕೆ ಅಂತ ಒಂದು ಕುದುರೆ ಹಿಡಿದುಕೊಂಡೇ ಬಂದಿದ್ದ. ಈಗ ನಮ್ಮ ಹುಡುಗರು ಮೊಬೈಲ್ ಗೇಮಿನಲ್ಲಿ ಜಪಾನಿನ ಕುದುರೆಗಳ ಹೆಸರು ಕಲಿತು ಬರುತ್ತಾರೆ. "ಅಣ್ಣಾ, ಸೈಲೆನ್ಸ್ ಸುಜುಕಾ ಅನ್ನೋದು ಖರೇನೇ ಇತ್ತಾ?" ಅಂತ ಕೇಳುತ್ತಾರೆ. ಇತ್ತು ಕಣಪ್ಪಾ, ಅದರ ಬೆನ್ನ ಮೇಲೆ ತಾಕೆ ಇದ್ದರು. ಅಂಥವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಶುರು ಮಾಡುವ ಮುಂಚೆ ಮೂರು ವಿಷಯ ಗೊತ್ತಿರಲಿ.

ಜಪಾನಿನಲ್ಲಿ ರೇಸ್ ನಡೆಸುವವರು ಎರಡು ಥರ. ದೊಡ್ಡದು ಜಪಾನ್ ರೇಸಿಂಗ್ ಅಸೋಸಿಯೇಷನ್, ಎಲ್ಲರೂ ಜೆಆರ್‌ಎ ಅನ್ನುತ್ತಾರೆ. ಅವರಿಗೆ ಹತ್ತು ರೇಸ್‌ಕೋರ್ಸ್ ಇವೆ, ರೇಸ್ ಹೆಚ್ಚಾಗಿ ಶನಿವಾರ, ಭಾನುವಾರ. ಇನ್ನೊಂದು ಅಲ್ಲಲ್ಲಿನ ಸ್ಥಳೀಯ ಆಡಳಿತದವರು ನಡೆಸುವ ರೇಸು. ಜಾಕಿಯ ಗೆಲುವುಗಳನ್ನು ಬೇರೆ ಬೇರೆಯಾಗಿ ಎಣಿಸುತ್ತಾರೆ. ತಾಕೆಯವರು 2018ರ ಸೆಪ್ಟೆಂಬರಿನಲ್ಲಿ 4000 ಗೆಲುವು ಮುಟ್ಟಿದರು ಅಂತ ಓದಿದರೆ ಅದು ಜೆಆರ್‌ಎ ಲೆಕ್ಕ. ಸ್ಥಳೀಯ ರೇಸು, ಹೊರದೇಶದ ರೇಸು ಅದರಲ್ಲಿ ಇಲ್ಲ. ಎರಡು ಕಡೆ ಎರಡು ಅಂಕಿ ಕಂಡರೆ ಗಾಬರಿ ಬೇಡ.

ಎರಡನೆಯದು ಕುದುರೆಯ ವಯಸ್ಸು. 2001ಕ್ಕಿಂತ ಮುಂಚೆ ಅಲ್ಲಿ ಹುಟ್ಟಿದ ಮರಿಗೆ ಹುಟ್ಟಿದ ವರ್ಷವೇ ಒಂದು ವಯಸ್ಸು ಅಂತ ಎಣಿಸುತ್ತಿದ್ದರು. ಹಳೇ ಬರಹದಲ್ಲಿ ಡರ್ಬಿ (ಮೂರು ವರ್ಷದ ಕುದುರೆಗಳ ದೊಡ್ಡ ರೇಸು) ಓಡಿದ ಕುದುರೆಗೆ 4 ವರ್ಷ ಅಂತ ಇದ್ದರೆ ಈಗಿನ ಲೆಕ್ಕಕ್ಕೆ 3. ನೋಟ್‌ಬುಕ್ಕಿನಲ್ಲಿ ಈಗಿನ ಲೆಕ್ಕವನ್ನೇ ಬರೆಯಿರಿ.

ಮೂರನೆಯದು ದುಡ್ಡು. ಇದನ್ನು ಬಾಜಿ ಕಟ್ಟುವುದಕ್ಕೆ ಅಂತ ಯಾರೂ ಕಲಿಯಬೇಡಿ. ಓಸಿ, ಮಟ್ಕಾ ಅಂತ ಹಾಳಾದ ಮನೆಗಳು ನಮ್ಮಲ್ಲಿ ಎಷ್ಟಿವೆ ಅಂತ ನಿಮಗೇ ಗೊತ್ತು.

ಇನ್ನು ಪುಟಕ್ಕೆ ಬನ್ನಿ. ಪ್ರತಿ ಕುದುರೆಯ ಪುಟದಲ್ಲಿ ನಾಲ್ಕು ಸಾಲು ತುಂಬಿಸಿ. ತಾಕೆಗಿಂತ ಮುಂಚೆ ಅದನ್ನು ಯಾರು ಏರಿದ್ದರು. ಎಷ್ಟು ಮೀಟರಿನ ರೇಸು, ಯಾವ ಕೋರ್ಸು. ಮುಂದೆ ಓಡಿಸಿದರಾ, ಹಿಂದೆ ಕಾಯ್ದರಾ. ಕೊನೆಗೆ ಆ ಜೋಡಿ ಹೇಗೆ ಬೇರೆಯಾಯಿತು. ಮೊದಲ ಮತ್ತು ಕೊನೆಯ ಸಾಲನ್ನು ಜನ ಬಿಟ್ಟುಬಿಡುತ್ತಾರೆ. ಅಸಲಿ ವಿಷಯ ಇರುವುದೇ ಅಲ್ಲಿ. ಜಾಕಿಗೆ ಕುದುರೆ ಸ್ವಂತದ್ದಲ್ಲ. ಮಾಲೀಕರು, ಟ್ರೇನರ್ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಯಾರು ಕೊಟ್ಟರು, ಯಾರಿಂದ ಕೈ ಬದಲಾಯಿತು ಅನ್ನುವುದೇ ಅವನ ಬದುಕು.

ಮೊದಲ ಪುಟ ಸೂಪರ್ ಕ್ರೀಕ್ ಅನ್ನುವ ಕುದುರೆಗೆ ಇಡಿ. ಇದರ ಎಡ ಮುಂಗಾಲು ಹುಟ್ಟಿನಿಂದಲೇ ಹೊರಕ್ಕೆ ತಿರುಗಿತ್ತು. ಅಂಥ ಕಾಲು ಕಂಡರೆ ಕೊಳ್ಳುವವರು ಹಿಂದೆ ಸರಿಯುತ್ತಾರೆ. ನಮ್ಮ ದವಾಖಾನೆಗೆ ಬರುವ ಹೋರಿಗಳಲ್ಲೂ ಇದನ್ನು ನೋಡುತ್ತೇನೆ. ಗೊರಸು ಒಂದೇ ಕಡೆ ಸವೆಯುತ್ತದೆ, ಭಾರ ಕೀಲಿನ ಒಂದೇ ಬದಿಗೆ ಬೀಳುತ್ತದೆ, ರೈತರು ಬೆಲೆ ಇಳಿಸುತ್ತಾರೆ. ಈ ಕುದುರೆಗೆ 1988ರ ಕಿಕ್ಕಾ ಶೋ ರೇಸಿನಲ್ಲಿ ಜಾಗ ಸಿಗುವುದೇ ಅನುಮಾನ ಇತ್ತು. ಮುಂದಿದ್ದ ಒಂದು ಕುದುರೆ ಹಿಂದೆ ಸರಿದದ್ದಕ್ಕೆ ಜಾಗ ಸಿಕ್ಕಿತು. ತಾಕೆ ಮಾತ್ರ ಇದನ್ನೇ ಏರಬೇಕು ಅಂತ ಕಾಯ್ದಿದ್ದರು. ಕ್ಯೋಟೊ ಕೋರ್ಸು, 3000 ಮೀಟರ್, ಗೆದ್ದರು. ಹತ್ತೊಂಬತ್ತನೇ ವಯಸ್ಸಿಗೆ ಮೊದಲ ಜಿ1. ಅಲ್ಲಿ ಅತಿ ದೊಡ್ಡ ರೇಸುಗಳಿಗೆ ಜಿ1 ಅನ್ನುತ್ತಾರೆ.

ಇದಾದ ಮೇಲೆ ಓಗುರಿ ಕ್ಯಾಪ್ ಪುಟ ತೆಗೆಯಿರಿ, ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಿ. ಓಗುರಿ ಕ್ಯಾಪ್ ಕಸಾಮಾತ್ಸು ಅನ್ನುವ ಸ್ಥಳೀಯ ಕೋರ್ಸಿನಿಂದ ಬಂದ ಬೂದು ಬಣ್ಣದ ಕುದುರೆ. ಜಪಾನಿನ ಜನ ಅದನ್ನು ಮನೆಮಗನ ಹಾಗೆ ಪ್ರೀತಿಸಿದರು. 1989ರ ಶರತ್ಕಾಲದ ತೆನ್ನೋ ಶೋ ರೇಸಿನಲ್ಲಿ ಅದನ್ನು ಸೋಲಿಸಿದ್ದು ಸೂಪರ್ ಕ್ರೀಕ್, ಏರಿದ್ದವರು ತಾಕೆ. ಮರುವರ್ಷ ಓಗುರಿ ಕ್ಯಾಪ್ ಸೋತು ಸುಣ್ಣವಾಗಿತ್ತು. ತೆನ್ನೋ ಶೋದಲ್ಲಿ 6ನೆಯದು, ಜಪಾನ್ ಕಪ್‌ನಲ್ಲಿ 11ನೆಯದು. ಇನ್ನು ಸಾಕು, ನಿಲ್ಲಿಸಿ ಅನ್ನುವ ಮಾತು ಎದ್ದಿತ್ತು. ಕಡೇ ರೇಸು ಅಂತ 1990ರ ಡಿಸೆಂಬರ್ 23ಕ್ಕೆ ನಕಾಯಾಮಾ ಕೋರ್ಸಿನಲ್ಲಿ ಅರಿಮಾ ಕಿನೆನ್ ಅನ್ನುವ ರೇಸಿಗೆ ಇಳಿಸಿದರು. ಸವಾರ ಯಾರು ಗೊತ್ತಾ? ಹಿಂದೆ ಅದನ್ನು ಸೋಲಿಸಿದ ಅದೇ ತಾಕೆ. ಆ ದಿನ ಕೋರ್ಸಿಗೆ ಬಂದವರು 1,77,779 ಜನ. ಓಗುರಿ ಕ್ಯಾಪ್ ಗೆದ್ದಿತು. ನಾಲ್ಕನೇ ಸಾಲಿನಲ್ಲಿ "ಗೆದ್ದು ನಿವೃತ್ತಿ" ಅಂತ ಬರೆಯುವ ಭಾಗ್ಯ ಎಲ್ಲ ಪುಟಕ್ಕೂ ಸಿಗುವುದಿಲ್ಲ.

ಈ ಎರಡು ಪುಟ ತುಂಬಿದ ಮೇಲೆ ವಿಡಿಯೊ ನೋಡಲು ಕೂರಿ, ಅದಕ್ಕಿಂತ ಮುಂಚೆ ಬೇಡ. ಜೆಆರ್‌ಎ ಯೂಟ್ಯೂಬ್ ಚಾನೆಲ್‌ನಲ್ಲಿ ದೊಡ್ಡ ರೇಸುಗಳು ಸಿಗುತ್ತವೆ. ಹುಡುಕುವಾಗ ಕುದುರೆಯ ಹೆಸರು, ವರ್ಷ ಹಾಕಿದರೆ ಸಾಕು. ಕಾಮೆಂಟರಿ ಜಪಾನಿಯಲ್ಲಿ ಇರುತ್ತದೆ. ಅರ್ಥ ಆಗದಿದ್ದರೂ ಪರವಾಗಿಲ್ಲ, ಟೋಪಿ ನೋಡಿ.

ಅಲ್ಲಿ ಕುದುರೆಗಳು ಹೊರಡುವ ಗೇಟುಗಳನ್ನು ಎಂಟು ಗುಂಪು ಮಾಡುತ್ತಾರೆ, ಗುಂಪಿಗೆ ಒಂದು ಟೋಪಿ ಬಣ್ಣ. ಒಂದನೇ ಗುಂಪು ಬಿಳಿ, ಎರಡು ಕಪ್ಪು, ಮೂರು ಕೆಂಪು, ನಾಲ್ಕು ನೀಲಿ, ಐದು ಹಳದಿ, ಆರು ಹಸಿರು, ಏಳು ಕಿತ್ತಳೆ, ಎಂಟು ಗುಲಾಬಿ. ನೋಟ್‌ಬುಕ್ಕಿನ ರಟ್ಟಿನ ಒಳಗೆ ಬರೆದಿಟ್ಟುಕೊಳ್ಳಿ. ಡರ್ಬಿಯಲ್ಲಿ ಹದಿನೆಂಟು ಕುದುರೆ ಓಡಿದಾಗ ಒಂದೊಂದು ಬಣ್ಣದ ಟೋಪಿ ಎರಡು ಮೂರು ಇರುತ್ತವೆ. ಆಗ ಅಂಗಿ ನೋಡಬೇಕು. ಅಂಗಿಯ ಬಣ್ಣ ಜಾಕಿಯದಲ್ಲ, ಮಾಲೀಕರದ್ದು. 2005ರ ಡರ್ಬಿಯಲ್ಲಿ ಡೀಪ್ ಇಂಪ್ಯಾಕ್ಟ್ ಮೇಲೆ ಕೂತ ತಾಕೆಯನ್ನು ಹುಡುಕಬೇಕಾ? 5ನೇ ನಂಬರು, ಅದು ಮೂರನೇ ಗುಂಪು, ಹಾಗಾಗಿ ಕೆಂಪು ಟೋಪಿ, ಕಪ್ಪು ಅಂಗಿಗೆ ಹಳದಿ ಗರಗಸದ ಹಲ್ಲಿನಂಥ ಪಟ್ಟಿ, ನೀಲಿ ತೋಳು. ಒಮ್ಮೆ ಹಿಡಿದರೆ ಆಮೇಲೆ ಕಣ್ಣು ತಪ್ಪುವುದೇ ಇಲ್ಲ.

ಕಂಡ ಮೇಲೆ ಕೈ ನೋಡಿ. ಇದು ಬಹಳ ಮುಖ್ಯ. ಹೊಸಬರು ಚಾಟಿ ನೋಡುತ್ತಾರೆ. ಚಾಟಿ ಕೊನೆಯ ಮಾತು. ಲಗಾಮು ಹಿಡಿದ ಕೈ ಮೊದಲಿಂದ ಏನು ಹೇಳುತ್ತಿದೆ ಅಂತ ನೋಡಬೇಕು. ನಮ್ಮಪ್ಪ ಟಾಂಗಾ ಇಳಿಜಾರಿಗೆ ಬಂದಾಗ ಲಗಾಮು ಜಗ್ಗುತ್ತಲೇ ಇರಲಿಲ್ಲ, ಬೆರಳಲ್ಲಿ ಹಿಡಿದು ಕುದುರೆಯ ಬಾಯಿಗೆ "ನಾನಿದ್ದೀನಿ" ಅಂತ ತಿಳಿಸುವಷ್ಟೇ ಬಿಗಿ ಇಡುತ್ತಿದ್ದರು. ತಾಕೆಯ ಕೈಯೂ ಹಾಗೆಯೇ. ಡೀಪ್ ಇಂಪ್ಯಾಕ್ಟ್ ಬಿಸಿರಕ್ತದ ಕುದುರೆ, ಸುಮ್ನೆ ಬಿಟ್ಟರೆ ಮೊದಲ ಸಾವಿರ ಮೀಟರಿನಲ್ಲೇ ಬಲ ಖರ್ಚು ಮಾಡುವಂಥದ್ದು. ಆ ಡರ್ಬಿಯಲ್ಲಿ ತಾಕೆ ಅದನ್ನು ಹಿಂದೆ ಇಟ್ಟು, ಟೋಕಿಯೊ ಕೋರ್ಸಿನ 500 ಮೀಟರಿಗೂ ಉದ್ದದ ನೇರ ದಾರಿಗೆ ಬಂದಾಗ ಹೊರಗಿನಿಂದ ಬಿಟ್ಟರು. ಗೆದ್ದದ್ದು ಐದು ಕುದುರೆಯುದ್ದ ಮುಂದೆ. 2400 ಮೀಟರಿಗೆ 2 ನಿಮಿಷ 23.3 ಸೆಕೆಂಡ್, ಕೊನೆಯ 600 ಮೀಟರಿಗೆ 33.4 ಸೆಕೆಂಡ್. ಜಪಾನಿನ ಫಲಿತಾಂಶದ ಹಾಳೆಯಲ್ಲಿ ಈ ಕೊನೆಯ 600 ಮೀಟರಿನ ಹೊತ್ತನ್ನು ಬೇರೆಯಾಗಿ ಕೊಡುತ್ತಾರೆ. ಪ್ರತಿ ಪುಟದಲ್ಲೂ ಅದನ್ನು ಬರೆದುಕೊಳ್ಳಿ. ಜಾಕಿ ಎಷ್ಟು ಉಳಿಸಿ ಇಟ್ಟಿದ್ದರು ಅಂತ ಅದು ಹೇಳುತ್ತದೆ.

ಡೀಪ್ ಇಂಪ್ಯಾಕ್ಟ್ ಪುಟಕ್ಕೆ ಇನ್ನೂ ಸ್ವಲ್ಪ ಸೇರಿಸಿ. 14 ರೇಸು, 12 ಗೆಲುವು, ಹದಿನಾಲ್ಕರಲ್ಲೂ ತಾಕೆಯೇ. ಒಂದೂ ಸೋಲದೆ ಮೂರು ಕಿರೀಟ, ಅಂದರೆ ಮೂರು ವರ್ಷದ ಕುದುರೆಗಳ ಮೂರು ದೊಡ್ಡ ರೇಸು, ಗೆದ್ದ ಜಪಾನಿನ ಎರಡನೇ ಕುದುರೆ. ಮೊದಲ ಸೋಲು 2005ರ ಅರಿಮಾ ಕಿನೆನ್‌ನಲ್ಲಿ, ಹಾರ್ಟ್ಸ್ ಕ್ರೈ ಎದುರು. 2006ರಲ್ಲಿ ಪ್ಯಾರಿಸ್ಸಿನ ಆರ್ಕ್ ರೇಸಿನಲ್ಲಿ ಮೂರನೆಯದಾಗಿ ಬಂತು, ಆಮೇಲೆ ಔಷಧಿಯ ಅಂಶ ಸಿಕ್ಕಿತು ಅಂತ ಆ ಸ್ಥಾನವೂ ಹೋಯಿತು. ಅದನ್ನೂ ಬರೆಯಿರಿ. ಅಭಿಮಾನಿಗಳು ಆ ಸಾಲು ಬಿಟ್ಟು ಬರೆಯುವುದು ನೋಡಿದ್ದೇನೆ. ಆ ಸಾಲು ಇಲ್ಲದೆ ಪುಟ ಪೂರ್ತಿ ಆಗಲ್ಲ.

1998ಕ್ಕೆ ಮಾತ್ರ ಕುದುರೆಗೆ ಒಂದು ಪುಟ ಅನ್ನುವ ನಿಯಮ ಸಾಲದು. ಪುಟಗಳನ್ನು ಬರೆದಾದ ಮೇಲೆ ಆ ಒಂದು ವರ್ಷವನ್ನು ತಿಂಗಳ ಪ್ರಕಾರ ಮತ್ತೊಮ್ಮೆ ಜೋಡಿಸಿ. ಜೂನ್‌ನಲ್ಲಿ ಸ್ಪೆಷಲ್ ವೀಕ್ ಮೇಲೆ ತಾಕೆ ತಮ್ಮ ಮೊದಲ ಡರ್ಬಿ ಗೆದ್ದರು, ಹತ್ತನೇ ಸಲಕ್ಕೆ. ಆ ಹೊತ್ತಿಗೆ ಅವರು ದೇಶದ ನಂಬರ್ ಒನ್ ಜಾಕಿ, ಆದರೂ ಡರ್ಬಿ ಒಲಿದಿರಲಿಲ್ಲ. ಆಗಸ್ಟ್‌ನಲ್ಲಿ ಫ್ರಾನ್ಸಿನ ದೋವಿಲ್‌ನಲ್ಲಿ ಸೀಕಿಂಗ್ ದ ಪರ್ಲ್ ಮೇಲೆ ಗೆದ್ದರು. ಜಪಾನಿನಲ್ಲಿ ತಯಾರಾದ ಕುದುರೆ ಯುರೋಪಿನ ಜಿ1 ಗೆದ್ದದ್ದು ಅದೇ ಮೊದಲು. ನವೆಂಬರ್ 1ಕ್ಕೆ ಸೈಲೆನ್ಸ್ ಸುಜುಕಾ.

ಈ ಕುದುರೆಯ ಪುಟವನ್ನು ನಿಧಾನವಾಗಿ ಬರೆಯಿರಿ. ಮೊದಲ ಸಾಲು: ಬೇರೆ ಜಾಕಿಗಳು ಏರಿದ್ದರು. 1997ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗ್ ರೇಸಿಗೆ ತಾಕೆ ತಾವಾಗಿಯೇ ಕೇಳಿ ಪಡೆದರು. ಅಲ್ಲಿ ಗೆಲ್ಲಲಿಲ್ಲ, ಕುದುರೆ ಮಾತ್ರ ಅರ್ಥವಾಯಿತು. ಅದನ್ನು ಹಿಡಿದು ಹಿಂದೆ ಇಡುವುದರಲ್ಲಿ ಅರ್ಥವಿಲ್ಲ, ಮುಂದೆ ಬಿಟ್ಟುಬಿಡಬೇಕು ಅಂತ. 1998ರಲ್ಲಿ ಅದು ಸಾಲಾಗಿ ಆರು ರೇಸ್ ಗೆದ್ದಿತು. ಅದರಲ್ಲಿ ಒಂದಕ್ಕೆ, ತಕಾರಾಜುಕಾ ಕಿನೆನ್‌ಗೆ, ತಾಕೆ ಇರಲಿಲ್ಲ. ಏರ್ ಗ್ರೂವ್ ಅನ್ನುವ ಹೆಣ್ಣು ಕುದುರೆ ಅವರ ಕೈಯಲ್ಲಿತ್ತು, ಅದರ ಮೇಲೆ ಓಡಿದರು. ತಾವೇ ತಯಾರು ಮಾಡಿದ ಕುದುರೆ ತಮ್ಮ ಮುಂದೆಯೇ ಗೆದ್ದದ್ದನ್ನು ನೋಡಿದರು. ಜಾಕಿಯ ಬದುಕಿನಲ್ಲಿ ಇಂಥ ದಿನಗಳೂ ಇರುತ್ತವೆ. ಅಕ್ಟೋಬರಿನಲ್ಲಿ ಮೈನಿಚಿ ಓಕಾನ್ ರೇಸಿಗೆ ಮತ್ತೆ ತಾಕೆ. ಎಲ್ ಕೊಂಡೋರ್ ಪಾಸಾ, ಗ್ರಾಸ್ ವಂಡರ್ ಎರಡೂ ಹಿಂದೆ ಬಿದ್ದವು.

ನವೆಂಬರ್ 1ರ ತೆನ್ನೋ ಶೋ ದಿನ ಒಂದನೇ ಗೇಟು, ಬಿಳಿ ಟೋಪಿ. ಮೊದಲ 1000 ಮೀಟರ್ 57.4 ಸೆಕೆಂಡ್. ಹಿಂದಿನ ಕುದುರೆಗಳು ಕ್ಯಾಮೆರಾದ ಅಂಚಿಗೆ ಹೋಗಿಬಿಟ್ಟವು. ಮೂರನೇ ತಿರುವು ದಾಟಿದ ಮೇಲೆ ಎಡ ಮುಂಗಾಲಿನ ಮಂಡಿಯ ಎಲುಬು ಪುಡಿಯಾಯಿತು. ವಿಡಿಯೊದಲ್ಲಿ ಇಲ್ಲಿ ನಿಲ್ಲಿಸಿ. ಕುದುರೆ ಬೀಳಲಿಲ್ಲ. ಮೂರು ಕಾಲಿನ ಮೇಲೆ ನಿಂತುಕೊಂಡಿತು. ತಾಕೆ ಅದನ್ನು ಹೊರಗಿನ ಬದಿಗೆ ಸರಿಸಿದರು, ಹಿಂದಿನಿಂದ ಬರುವ ಕುದುರೆಗಳಿಗೆ ಅಡ್ಡ ಆಗದ ಹಾಗೆ. ಆ ವೇಗದಲ್ಲಿ ಅದು ಮುಗ್ಗರಿಸಿದ್ದರೆ ಸವಾರನೂ ಉಳಿಯುವುದು ಕಷ್ಟವಿತ್ತು.

ಆ ಕುದುರೆಯನ್ನು ಸಾಯಿಸಬೇಕಾಯಿತು. ಯಾಕೆ ಉಳಿಸಲಿಲ್ಲ ಅಂತ ಎಲ್ಲರೂ ನನ್ನನ್ನು ಕೇಳುತ್ತಾರೆ, ದವಾಖಾನೆಯವನಲ್ವಾ ಅಂತ. ರೇಸ್ ಕುದುರೆ ನಾನೂರೈವತ್ತು ಕಿಲೋ ಆಸುಪಾಸು ಇರುತ್ತದೆ. ಒಂದು ಕಾಲು ಹೋದರೆ ಆ ಭಾರ ಉಳಿದ ಕಾಲುಗಳ ಮೇಲೆ ಬೀಳುತ್ತದೆ. ಕೆಲವೇ ದಿನದಲ್ಲಿ ಒಳ್ಳೆಯ ಕಾಲಿನ ಗೊರಸಿನ ಒಳಪದರ ಬಾತು, ಎಲುಬಿನಿಂದ ಬಿಟ್ಟುಕೊಳ್ಳುತ್ತದೆ. ಆ ನೋವು ಹೇಳತೀರದು. ಮಲಗಿಸಿ ಇಡೋಣ ಅಂದರೆ ಅಷ್ಟು ಭಾರದ ಪ್ರಾಣಿ ಬಹಳ ಹೊತ್ತು ಮಲಗಿದರೆ ಕರುಳು, ಶ್ವಾಸಕೋಶ ಕೆಡುತ್ತವೆ. ಮಂಡಿ ಪುಡಿಯಾದ ಕುದುರೆಗೆ ನೋವಿಲ್ಲದ ಸಾವು ಕೊಡುವುದೇ ಕೊನೆಯ ಉಪಕಾರ. ಇದನ್ನು ಹೇಳುವಾಗ ನನಗೂ ಗಂಟಲು ಕಟ್ಟುತ್ತದೆ.

ಈ ಪುಟದ ಎದುರಿಗೆ 1999ರ ಅದೇ ತೆನ್ನೋ ಶೋ ಬರೆಯಿರಿ. ಅದೇ ಟೋಕಿಯೊ, ಅದೇ 2000 ಮೀಟರ್. ತಾಕೆ ಸ್ಪೆಷಲ್ ವೀಕ್ ಮೇಲೆ ಹಿಂದಿನಿಂದ ಬಂದು ಗೆದ್ದರು. ಅದೇ ವರ್ಷ ಅಡ್ಮೈರ್ ವೇಗಾ ಮೇಲೆ ಮತ್ತೆ ಡರ್ಬಿ. ಸಾಲಾಗಿ ಎರಡು ವರ್ಷ ಡರ್ಬಿ ಗೆದ್ದ ಮೊದಲ ಜಾಕಿ ಅವರೇ.

2000ರ ದಶಕವನ್ನು ಬೇಗ ದಾಟಬಹುದು. 2002ರಲ್ಲಿ ತಾನಿನೊ ಗಿಮ್ಲೆಟ್ ಮೇಲೆ ಡರ್ಬಿ, 2005ರಲ್ಲಿ ವರ್ಷಕ್ಕೆ 212 ಗೆಲುವು, ಒಟ್ಟು 18 ಸಲ ವರ್ಷದ ಅತಿ ಹೆಚ್ಚು ಗೆಲುವಿನ ಪಟ್ಟ. ಗೆಲ್ಲುವ ಕುದುರೆಗಳೆಲ್ಲ ಅವರ ಹತ್ತಿರವೇ ಬರುತ್ತಿದ್ದ ಕಾಲ ಅದು. ಇಲ್ಲಿ ಓದಿ ಕಲಿಯುವುದು ಕಡಿಮೆ.

ಕಲಿಯುವುದು ಇರುವುದು 2010ರಿಂದ 2013ರವರೆಗೆ. 2010ರ ಮಾರ್ಚ್ 27ಕ್ಕೆ ಹನ್ಶಿನ್ ಕೋರ್ಸಿನ ಮೈನಿಚಿ ಹೈ ರೇಸಿನಲ್ಲಿ ಕುದುರೆ ಬಿತ್ತು. ತಾಕೆಯ ಕಾಲರ್‌ಬೋನ್ ಮುರಿಯಿತು, ಸೊಂಟದ ಎಲುಬಿಗೂ ಪೆಟ್ಟು. ಆಗಸ್ಟ್‌ನಲ್ಲಿ ಮರಳಿದರು, ಕುದುರೆಗಳು ಮಾತ್ರ ಮರಳಲಿಲ್ಲ. ಅವರಿಲ್ಲದ ತಿಂಗಳುಗಳಲ್ಲಿ ಒಳ್ಳೆಯ ಕುದುರೆಗಳು ಬೇರೆಯವರ ಕೈ ಸೇರಿದ್ದವು. 2011ಕ್ಕೆ 64 ಗೆಲುವು, 2012ಕ್ಕೆ 56. 1988ರಿಂದ ಪ್ರತಿ ವರ್ಷ ಒಂದಾದರೂ ಜೆಆರ್‌ಎ ಜಿ1 ಗೆಲ್ಲುತ್ತಿದ್ದವರು 2011ರಲ್ಲಿ ಜೆಆರ್‌ಎಯಲ್ಲಿ ಒಂದೂ ಜಿ1 ಗೆಲ್ಲಲಿಲ್ಲ. ಈ ವರ್ಷಗಳ ಪುಟಗಳು ನಿಮ್ಮ ನೋಟ್‌ಬುಕ್ಕಿನಲ್ಲಿ ತೆಳ್ಳಗೆ ಕಾಣುತ್ತವೆ. ಹಾಗೇ ಬಿಡಿ, ತುಂಬಿಸಲು ಹೋಗಬೇಡಿ.

ಆಮೇಲೆ ಕಿಜುನಾ. ಡೀಪ್ ಇಂಪ್ಯಾಕ್ಟ್‌ನ ಮಗ. ಮೊದಲ ಸಾಲಿನಲ್ಲಿ ಸಾತೊ ತೆತ್ಸುಜೊ ಅನ್ನುವ ಜಾಕಿಯ ಹೆಸರು ಬರೆಯಿರಿ. 2012ರ ನವೆಂಬರಿನಲ್ಲಿ ಅವರು ಬಿದ್ದು ಜೋರಾಗಿ ಗಾಯವಾಯಿತು, ಮತ್ತೆ ರೇಸಿಗೆ ಬರಲಾಗಲಿಲ್ಲ. ಒಬ್ಬ ಜಾಕಿ ಬಿದ್ದದ್ದಕ್ಕೆ ಇನ್ನೊಬ್ಬನಿಗೆ ಕುದುರೆ ಬಂತು. ತಾಕೆ ಮೊದಲ ಎರಡು ರೇಸ್ ಸೋತರು. ಗೆಲುವು ಸಿಕ್ಕಿದ್ದು 2013ರ ಮಾರ್ಚಿನಲ್ಲಿ, ಹನ್ಶಿನ್‌ನಲ್ಲಿ, ಮೈನಿಚಿ ಹೈ ರೇಸಿನಲ್ಲಿ. ಹೌದು, ಮೂರು ವರ್ಷದ ಹಿಂದೆ ಅವರು ಬಿದ್ದ ಅದೇ ರೇಸು, ಅದೇ ಕೋರ್ಸು. ಮೇ ತಿಂಗಳ ಡರ್ಬಿಯಲ್ಲಿ ಕೊನೆಯ ತಿರುವಿನವರೆಗೂ ಹಿಂದೆಯೇ ಇದ್ದರು. ಅಷ್ಟು ಹಿಂದೆ ಇರುವುದಕ್ಕೆ ಗುಂಡಿಗೆ ಬೇಕು. ನೇರ ದಾರಿಯಲ್ಲಿ ಹೊರಗಿನಿಂದ ಬಂದು ಎಪಿಫೇನಿಯಾವನ್ನು ಅರ್ಧ ಕುದುರೆಯುದ್ದದಿಂದ ಹಿಂದೆ ಹಾಕಿದರು. ಈ ವಿಡಿಯೊವನ್ನು ಡೀಪ್ ಇಂಪ್ಯಾಕ್ಟ್ ಡರ್ಬಿಯ ಜೊತೆಗೇ ನೋಡಿ. ಅಪ್ಪ, ಮಗ, ಮೇಲೆ ಅದೇ ಕೈ.

ಇದಾದ ಮೇಲೆ ಕಿತಾಸಾನ್ ಬ್ಲ್ಯಾಕ್. 2017ರ ವಸಂತದ ತೆನ್ನೋ ಶೋ, 3200 ಮೀಟರಿಗೆ 3 ನಿಮಿಷ 12.5 ಸೆಕೆಂಡ್. ಆಮೇಲೆ ಡು ಡ್ಯೂಸ್. 2022ರಲ್ಲಿ ಅದರ ಮೇಲೆ ಆರನೇ ಡರ್ಬಿ ಗೆದ್ದಾಗ ತಾಕೆಗೆ 53 ವರ್ಷ. ಇಪ್ಪತ್ತು, ಮೂವತ್ತು, ನಲವತ್ತು, ಐವತ್ತು, ನಾಲ್ಕೂ ಪ್ರಾಯದಲ್ಲಿ ಡರ್ಬಿ ಗೆದ್ದಂತಾಯಿತು. 2023ರ ಅಕ್ಟೋಬರಿನಲ್ಲಿ ಒಂದು ಕುದುರೆ ಕಾಲಿಗೆ ಒದ್ದು ಡು ಡ್ಯೂಸ್‌ನ ಎರಡು ರೇಸ್ ಕೈತಪ್ಪಿದವು. ಡಿಸೆಂಬರಿನಲ್ಲಿ ಮರಳಿ ಬಂದು ಅದರ ಮೇಲೆಯೇ ಅರಿಮಾ ಕಿನೆನ್ ಗೆದ್ದರು.

ಹಾರು ಉರಾರಾ ಅನ್ನುವ ಕುದುರೆಗೂ ಒಂದು ಪುಟ ಇಡಲೇಬೇಕು. ಕೊಚಿ ಅನ್ನುವ ಚಿಕ್ಕ ಸ್ಥಳೀಯ ಕೋರ್ಸಿನ ಹೆಣ್ಣು ಕುದುರೆ, ಒಂದು ರೇಸೂ ಗೆದ್ದಿರಲಿಲ್ಲ. ಸೋತರೂ ಓಡುತ್ತಲೇ ಇದೆ ಅಂತ ದೇಶವೇ ಅದರ ಹಿಂದೆ ಬಿತ್ತು. 2004ರ ಮಾರ್ಚ್ 22ಕ್ಕೆ, ಅದರ 106ನೇ ರೇಸಿಗೆ, ತಾಕೆ ಅಲ್ಲಿಗೆ ಹೋಗಿ ಏರಿದರು. ಮಳೆಯಲ್ಲೂ ಜನ ಕಿಕ್ಕಿರಿದಿದ್ದರು. 11 ಕುದುರೆಗಳಲ್ಲಿ 10ನೆಯದಾಗಿ ಬಂತು. ಕೆಲವರು ಇದನ್ನು ಬರೀ ಪ್ರಚಾರ ಅನ್ನುತ್ತಾರೆ, ನಾನು ಒಪ್ಪುವುದಿಲ್ಲ. ಆ ವಿಡಿಯೊದಲ್ಲೂ ಕೈ ನೋಡಿ. ಡೀಪ್ ಇಂಪ್ಯಾಕ್ಟ್‌ಗೆ ಕೊಟ್ಟ ಗಮನವನ್ನೇ ಇದಕ್ಕೂ ಕೊಟ್ಟಿದ್ದಾರೆ.

ಹಿಂದಿನ ಪುಟಗಳೆಲ್ಲ ತುಂಬಿದವು ಅಂದರೆ ಈಗಿನ ರೇಸಿಗೆ ಬನ್ನಿ. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದೆ. ಡರ್ಬಿ ಅಲ್ಲಿ ಮಧ್ಯಾಹ್ನ 3:40ಕ್ಕೆ ಶುರು, ಅಂದರೆ ನಮಗೆ 12:10. ಸಾಮಾನ್ಯವಾಗಿ ಮೇ ಕೊನೆಯ ಭಾನುವಾರ. ನಮ್ಮ ಕಡೆ ಆ ಹೊತ್ತಿಗೆ ಬಿಸಿಲು ಕೆಂಡ, ಕರೆಂಟು ಯಾವಾಗ ಹೋಗುತ್ತದೋ ಹೇಳಲಾಗದು. ಬೆಳಿಗ್ಗೆಯೇ ಮೊಬೈಲ್ ಚಾರ್ಜ್ ಮಾಡಿ ಇಟ್ಟುಕೊಳ್ಳಿ. ರೇಸಿನ ಹಿಂದಿನ ದಿನಗಳಲ್ಲೇ ಓಡುವ ಕುದುರೆಗಳ ಪಟ್ಟಿ, ಗೇಟ್ ನಂಬರು ಬಂದಿರುತ್ತವೆ. ಬ್ರೌಸರ್‌ನಲ್ಲಿ ಅನುವಾದ ಹಾಕಿ ಓದಿ, ಟೋಪಿಯ ಬಣ್ಣ ಗುರುತು ಹಾಕಿಕೊಳ್ಳಿ. ಮೊದಲ ಸಾಲನ್ನು, ಅಂದರೆ ಹಿಂದಿನ ಜಾಕಿ ಯಾರು ಅನ್ನುವುದನ್ನು, ರೇಸಿಗೆ ಮುಂಚೆಯೇ ಬರೆದುಬಿಡಿ. ಉಳಿದ ಸಾಲುಗಳನ್ನು ರೇಸ್ ಮುಗಿದು ಜೆಆರ್‌ಎ ಚಾನೆಲ್‌ನಲ್ಲಿ ವಿಡಿಯೊ ಬಂದ ಮೇಲೆ, ಎರಡು ಸಲ ನೋಡಿ ತುಂಬಿಸಿ. ಒಂದು ಸಲ ಕುದುರೆ ನೋಡುವುದಕ್ಕೆ, ಇನ್ನೊಂದು ಸಲ ಕೈ ನೋಡುವುದಕ್ಕೆ.